ಕೇಳಿಸದ ಸಿಳ್ಳೆ

ಬಸವಣ್ಣೆಮ್ಮ ಸೊರಬದ ನನ್ನ ಅಂಗಡಿಗೆ ಬಂದಾಗ ಔಷಧಿ ಕೇಳಲಿಲ್ಲ. ಮಹಡಿಯಲ್ಲಿರುವ ಅಮ್ಮನವರನ್ನು ನೋಡಬೇಕು ಎಂದರು. ಅಪರಾಧ ಪತ್ತೆಯ ಪ್ರಯೋಗಾಲಯದಿಂದ ನಿವೃತ್ತರಾದ ವಾಗ್ದೇವಿಯವರು ಅಲ್ಲಿ ಬಾಡಿಗೆಗಿದ್ದರು. ಬಿಡಿಸಲಾಗದ ಸಾವುಗಳು ಅವರ ಬಾಗಿಲಿಗೆ ಬರುತ್ತಿದ್ದವು. ಅವರ ಓಡಾಟಕ್ಕೆ ನನ್ನ ಹಳೆಯ ಕಾರು ಮತ್ತು ನಾನು.

ಬಸವಣ್ಣೆಮ್ಮನವರ ಮಗ ಮಾಳೇಶ ಅಗ್ನಿಶಾಮಕ ಠಾಣೆಯೊಂದರಲ್ಲಿದ್ದ. ಠಾಣೆಯ ಹೆಸರು ಬೇಡ; ಶಿಕಾರಿಪುರಕ್ಕೂ ಸೊರಬಕ್ಕೂ ನಡುವಿನದು ಎಂದರೆ ಸಾಕು. ಶಿರಾಳಕೊಪ್ಪದ ಹೊರಗೆ ಮೆಕ್ಕೆಜೋಳದ ಗೋದಾಮಿಗೆ ಬೆಂಕಿ ಬಿದ್ದಾಗ, ಒಳಗೆ ಹಮಾಲಿಯೊಬ್ಬ ಸಿಕ್ಕಿಕೊಂಡಿದ್ದಾನೆಂದು ಯಾರೋ ಕೂಗಿದ್ದರು. ಮಾಳೇಶ ಮುಖವಾಡ ಹಾಕಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಏರಿಸಿ ನುಗ್ಗಿದ. ಒಳಗೆ ಯಾರೂ ಇರಲಿಲ್ಲ. ಅವನು ಜೀವಂತವಾಗಿ ಹೊರಗೆ ಬರಲಿಲ್ಲ.

"ಗಾಳಿ ನೋಡ್ಕೊಳ್ಳದೆ ಹೋದ, ಖಾಲಿಯಾದ ಕೂಡ್ಲೆ ಮುಖವಾಡ ಕಿತ್ತು ಹೊಗೆ ಕುಡ್ದ, ತಪ್ಪು ಅವ್ನದೇ ಅಂತಾರ್ರಮ್ಮ," ಎಂದರು ಬಸವಣ್ಣೆಮ್ಮ. "ನನ್ನ ಮಗ ಅಂಥೋನಲ್ಲ. ಸತ್ತೋನು ಬಂದು ಹೇಳಂಗಿಲ್ಲ, ಅದ್ಕೇ ಅವ್ನ ಮ್ಯಾಲೆ ಹಾಕ್ಯಾರೆ."

ವಾಗ್ದೇವಿಯವರು ಅಗ್ನಿಶಾಮಕ ದಳದ ಜಿಲ್ಲಾ ಅಧಿಕಾರಿ ಗುರುಪ್ರಕಾಶ್ ಅವರಿಗೆ ಫೋನ್ ಮಾಡಿ ಒಪ್ಪಿಗೆ ಪಡೆದರು. ಮೊದಲು ಹೋದದ್ದು ಶವಪರೀಕ್ಷೆ ಮಾಡಿದ ವೈದ್ಯರ ಬಳಿಗೆ. ರಕ್ತದಲ್ಲಿ ಹೊಗೆಯ ವಿಷಾನಿಲ ತುಂಬಿತ್ತು, ಆದರೆ ಮೂಗಿನಲ್ಲಾಗಲಿ ಶ್ವಾಸನಾಳದಲ್ಲಾಗಲಿ ಮಸಿ ಇರಲಿಲ್ಲ ಎಂದು ಅವರು ತಿಳಿಸಿದರು.

ಠಾಣೆಯ ಮುಖ್ಯಸ್ಥ ಉಜ್ಜಪ್ಪ ನಿವೃತ್ತಿಯ ಅಂಚಿನಲ್ಲಿದ್ದವರು. ಮಾಳೇಶನಿಗೆ ಕೆಲಸ ಕಲಿಸಿದವರೇ ಅವರು. ತಮ್ಮ ಕೋಣೆಯ ಬೀಗ ತೆಗೆದು ಖಾಲಿ ಸಿಲಿಂಡರ್ ತೋರಿಸಿದರು. ಶವದ ಬೆನ್ನಿನಿಂದ ಬಿಚ್ಚಿದ್ದೂ ತಾವೇ, ಅಂದಿನಿಂದ ಬೀಗದ ಕೈ ಇರುವುದೂ ತಮ್ಮ ಬಳಿಯೇ ಎಂದರು.

ಠಾಣೆಯಲ್ಲಿ ಇದ್ದದ್ದು ಒಂದೇ ಮುಖವಾಡ. ಹಾಗಾಗಿ ಮಾಳೇಶನ ಜೊತೆಗಾರ ನಾಗೇಶ್ ಗೋದಾಮಿನ ಬಾಗಿಲಲ್ಲೇ ಹಗ್ಗ ಹಿಡಿದು ನಿಂತಿದ್ದ. ಗಾಳಿ ಕಡಿಮೆಯಾದರೆ ಸಿಲಿಂಡರಿನ ಸಿಳ್ಳೆ ತಾನಾಗಿ ಕೂಗುತ್ತದೆ, ಅದು ಅಂಗಳದಾಚೆಗೂ ಕೇಳುತ್ತದೆ ಎಂದು ಅವನು ವಿವರಿಸಿದ.

"ಅವತ್ತು ಕೇಳಿಸ್ತಾ?" ಎಂದರು ವಾಗ್ದೇವಿ.

"ಇಲ್ರೀ ಮೇಡಂ. ಅವ್ನು ಬಿದ್ದ ಸಪ್ಪಳ ಅಷ್ಟೇ."

ಈಚೆಗೆ ಅಭ್ಯಾಸದ ವೇಳೆ ಅದೇ ಮುಖವಾಡ ಹಾಕಿದಾಗ ತನಗೆ ತಲೆ ಸಿಡಿದು ವಾಂತಿಯಾಗಿತ್ತು, ಉಜ್ಜಪ್ಪನವರು ಊಟದ ದೋಷ ಎಂದಿದ್ದರು ಎಂದೂ ಹೇಳಿದ. ಹಿಂದಿನ ಶೆಡ್ಡಿನಲ್ಲಿ ಗಾಳಿ ತುಂಬುವ ಪೆಟ್ರೋಲ್ ಯಂತ್ರವಿತ್ತು. ಹೊರಗಿನ ಗಾಳಿ ಎಳೆಯಬೇಕಾದ ಅದರ ಪೈಪು ಹರಿದು ಮೊಳದಷ್ಟೇ ಉಳಿದಿತ್ತು. ಪಕ್ಕದ ಗೋಡೆ ಇಂಜಿನ್ ಹೊಗೆಗೆ ಕಪ್ಪಾಗಿತ್ತು. ಮಾಳೇಶನ ಸಿಲಿಂಡರಿನ ಜೊತೆಗೇ ತುಂಬಿಸಿದ್ದ ಇನ್ನೊಂದು ಸಿಲಿಂಡರ್ ಮೂಲೆಯಲ್ಲಿತ್ತು. ಅದನ್ನು ಪರೀಕ್ಷೆಗೆ ಕಳಿಸಿದೆವು.

ಫಲಿತಾಂಶ ಬಂದ ಮೇಲೆ ಗುರುಪ್ರಕಾಶ್ ಎಲ್ಲರನ್ನೂ ಠಾಣೆಯ ಅಂಗಳದಲ್ಲಿ ಕೂರಿಸಿದರು. ಮೋಡ ಕವಿದ ಮಧ್ಯಾಹ್ನ. ಬಸವಣ್ಣೆಮ್ಮ ಬೆಂಚಿನ ತುದಿಯಲ್ಲಿ ಸೆರಗು ಹೊದ್ದು ಕೂತಿದ್ದರು.

"ಮಾಳೇಶ ಮುಖವಾಡ ತೆಗೆದು ಹೊಗೆ ಕುಡಿದಿದ್ದರೆ ಗಂಟಲಲ್ಲಿ ಮಸಿ ಇರಬೇಕಿತ್ತು," ಎಂದು ವಾಗ್ದೇವಿ ಆರಂಭಿಸಿದರು. "ಇರಲಿಲ್ಲ. ಅಂದರೆ ಕೊನೆಯವರೆಗೂ ಮುಖವಾಡ ಹಾಕಿಯೇ ಇದ್ದ. ಹಾಗಾದರೆ ವಿಷ ಬಂದದ್ದು ಸಿಲಿಂಡರಿನಿಂದ. ಶೆಡ್ಡಿನೊಳಗೆ ಆ ಯಂತ್ರ ತನ್ನ ಹೊಗೆಯನ್ನೇ ಎಳೆದು ಸಿಲಿಂಡರಿಗೆ ತುಂಬಿತು. ಅದರ ಫಿಲ್ಟರ್ ವಾಸನೆ ತಡೆಯುತ್ತದೆ, ಆ ವಿಷವನ್ನಲ್ಲ. ಉಳಿದ ಸಿಲಿಂಡರಿನಲ್ಲೂ ಅದೇ ಸಿಕ್ಕಿದೆ. ನಾಗೇಶನಿಗೆ ವಾಂತಿಯಾದದ್ದೂ ಅದರಿಂದಲೇ."

ನಾಗೇಶನ ಮುಖ ಬಿಳುಚಿತು. ಎರಡನ್ನೂ ತುಂಬಿದವನು ತಾನೇ, ಮಳೆಯೆಂದು ಶೆಡ್ಡಿನೊಳಗೇ ಯಂತ್ರ ನಡೆಸಲು ಉಜ್ಜಪ್ಪನವರು ಹೇಳಿದ್ದರು ಎಂದು ತಡವರಿಸಿದ.

"ಇನ್ನು ಸಿಳ್ಳೆ. ಅದು ಕೂಗಲಿಲ್ಲ, ಅಂದರೆ ಅವನು ಬಿದ್ದಾಗ ಸಿಲಿಂಡರಿನಲ್ಲಿ ಗಾಳಿಯಿತ್ತು. ಆಮೇಲೆ ಯಾರೋ ಖಾಲಿ ಮಾಡಿದ್ದಾರೆ. ಬಿಚ್ಚಿದವರು ನೀವು, ಬೀಗ ಹಾಕಿದವರೂ ನೀವು, ಉಜ್ಜಪ್ಪನವರೇ."

ಉಜ್ಜಪ್ಪ ತಲೆ ಎತ್ತದೆ ಮಾತಾಡಿದರು. "ಮುಖವಾಡ ತೆಗ್ದಾಗ ಅವ್ನ ಮುಖ ಶುಭ್ರ ಇತ್ರೀ. ಕೆಟ್ಟಿದ್ದು ಸಿಲಿಂಡರಿನ ಗಾಳಿ ಅಂತ ಅವಾಗ್ಲೇ ಗೊತ್ತಾತು. ಪೈಪು ಹರಿದೈತಿ ಅಂತ ಅವ್ನೇ ಎಷ್ಟೋ ಸಲ ಹೇಳಿದ್ದ. ಇಷ್ಟು ವರ್ಷದ ಹೆಸರು ಹೋಗ್ತದಲ್ಲ ಅಂತ ವಾಲ್ವ್ ತಿರುವಿ ಗಾಳಿ ಬಿಟ್ಟೆ."

ಬಸವಣ್ಣೆಮ್ಮ ಅವರನ್ನು ಬೈಯಲಿಲ್ಲ. "ಹಂಗಾರೆ ಅವ್ನ ತಪ್ಪಲ್ಲ," ಎಂದು ತಮಗೇ ಹೇಳಿಕೊಂಡರು. ಗುರುಪ್ರಕಾಶ್ ಉಜ್ಜಪ್ಪನವರನ್ನು ಹೊರಗೆ ಕಾಯುತ್ತಿದ್ದ ಪೊಲೀಸ್ ಜೀಪಿನತ್ತ ಕರೆದೊಯ್ಯುತ್ತಿದ್ದಾಗ ಒಳಗೆ ಫೋನ್ ಬಡಿದುಕೊಂಡಿತು. ಹತ್ತಿರದ ಊರಿನಲ್ಲಿ ಜೋಳದ ಗೋದಾಮೊಂದಕ್ಕೆ ಬೆಂಕಿ. ಒಳ್ಳೆಯ ಸಿಲಿಂಡರ್ ಒಂದೂ ಇರಲಿಲ್ಲ. ಆದರೂ ನಾಗೇಶ್ ಎದ್ದು ವಾಹನದತ್ತ ನಡೆದ.

ಬಸವಣ್ಣೆಮ್ಮ ಅಡ್ಡ ಹೋಗಿ ಅವನ ತೋಳು ಹಿಡಿದರು. ಅವನು ಕಣ್ಣೆತ್ತಿ ನೋಡಲಾರದೆ ನಿಂತ.

"ಹೊರಗೇ ನಿಂತು ನೀರು ಬಿಡು ಮಗಾ," ಎಂದರು ಆಕೆ. "ಜೋಳ ಸುಟ್ರೆ ಸುಡ್ಲಿ. ಒಳಗೆ ಹೋಗ್ಬ್ಯಾಡ."