ಪೇಪರ್ ಲೋಟದ ಹಾಲು

"ಮಟನ್ ಬಿಟ್ಟಿದ್ದು ಸಾಲಲಿಲ್ಲೇನು ಮೇಘಾ, ಈಗ ಪೇಢಾನೂ ಬ್ಯಾಡೇನು?"

ಆನಂದ ಹೀಗಂದದ್ದೇ ತಡ, ರಾಯಚೂರಿನ ಆ ಪಿಯು ಕಾಲೇಜಿನ ಸ್ಟಾಫ್ ರೂಮೆಲ್ಲ ನಕ್ಕಿತು. ಪೇಢಾ ಹಂಚುತ್ತಿದ್ದ ಮೌನೇಶ ಮಾತ್ರ ನಗಲಿಲ್ಲ. ಗಣಿತ ಕಲಿಸಲು ಅಂದೇ ಸೇರಿದ್ದವನು. ಡಬ್ಬಿ ಮುಚ್ಚಿ, ತನ್ನ ಬ್ಯಾಗಿನಿಂದ ಬಾಳೆಹಣ್ಣೊಂದನ್ನು ತೆಗೆದು ಮೇಘಾಳ ಮುಂದಿಟ್ಟ.

"ಇದು ನಡೀತದಲ್ರಿ?"

ಚೇಷ್ಟೆ ಮಾಡದೆ ಕೇಳಿದವನು ಇವನೊಬ್ಬನೇ... ಅವಳು ಹಣ್ಣು ತೆಗೆದುಕೊಂಡಳು.

ಕಾರಣವನ್ನು ಅವಳು ಅವನಿಗಷ್ಟೇ ಹೇಳಿದಳು. ಮಾನ್ವಿ ಹತ್ತಿರದ ಅವಳ ಊರು ಕುರ್ಡಿಯಲ್ಲಿ ಅವರ ಮನೆಯ ಎಮ್ಮೆಯ ಕರು ಸತ್ತಿತ್ತು. ಎಮ್ಮೆ ಹಾಲು ಇಳಿಸಲೆಂದು ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಎದುರಿಗೆ ನಿಲ್ಲಿಸಿದ್ದರು. ಎಮ್ಮೆ ಅದನ್ನು ನೆಕ್ಕುತ್ತಲೇ ಇತ್ತು. ಅಂದಿನಿಂದ ಹಾಲು, ಮೊಸರು, ಮಾಂಸ, ಮೊಟ್ಟೆ ಯಾವುದೂ ಅವಳಿಗೆ ಸೇರಲಿಲ್ಲ.

"ನಮ್ಮ ಊಟ ನಿನಗ ನಾಚಿಕಿ ಆತೇನವ್ವಾ?" ಅಪ್ಪ ತಾಯಣ್ಣ ಕೇಳಿದ್ದ. "ಇದನ್ನ ತಿಂತೀವಂತ ನಮ್ಮನ್ನ ಊರ ಹೊರಗ ಇಟ್ರು. ಈಗ ನೀನೂ ಅವರಂಗ ಆಗಾಕತ್ತಿ."

ತಮ್ಮ ಓಣಿಯವನೇ ಆದ ಆನಂದನೂ ಅದನ್ನೇ ಅಂದ. ಮೇಘಾ ಮೌನೇಶನ ಜೊತೆ ಓಡಾಡತೊಡಗಿದ ಮೇಲಂತೂ, "ದೊಡ್ಡ ಮಂದಿ ಸೊಸಿ ಆಗೋ ತಯಾರಿ ನಡದದ" ಎಂದು ಎಲ್ಲರೆದುರೂ ಹೇಳಿದ.

ವರ್ಷ ಕಳೆಯಿತು. ಅವಳಿಗಾಗಿ ಮೌನೇಶನೂ ಹಾಲಿಲ್ಲದ ಚಹಾ ರೂಢಿ ಮಾಡಿಕೊಂಡ. ಒಂದು ಭಾನುವಾರ ಅವಳನ್ನು ದೇವದುರ್ಗಕ್ಕೆ, ತಮ್ಮ ರೈಸ್ ಮಿಲ್ಲಿನ ಪಕ್ಕದ ಮನೆಗೆ ಕರೆದೊಯ್ದ.

ಅವನ ತಾಯಿ ನೀಲಗಂಗಮ್ಮ ಬಿಸಿ ಹಾಲು ತಂದರು. ಮಗನಿಗೆ ಸ್ಟೀಲಿನ ಲೋಟ, ಮೇಘಾಳಿಗೆ ಪೇಪರ್ ಲೋಟ.

"ಕುಡಿಯವ್ವಾ. ಆ ಮಂದ್ಯಾಗ ಹುಟ್ಟಿದ್ರೂ ಎಲ್ಲಾ ಬಿಟ್ಟು ಶುದ್ಧ ಆಗ್ಯಾಳಂತ ಮೌನೇಶ ಹೇಳ್ಯಾನ."

ಮೇಘಾ ಅವನತ್ತ ನೋಡಿದಳು. ಅವನು ತಲೆ ತಗ್ಗಿಸಿದ.

"ನಾ ಹಾಲು ಕುಡಿಯಂಗಿಲ್ರಿ."

"ನಮ್ಮ ಮನಿ ಹಾಲೂ ಬ್ಯಾಡಾತೇನು ನಿನಗ?" ನೀಲಗಂಗಮ್ಮನ ದನಿ ಬದಲಾಯಿತು. "ಏನು ಬಿಟ್ರೇನು, ಹುಟ್ಟು ಬಿಡತದೇನು?"

ಮೇಘಾ ಒಬ್ಬಳೇ ಬಸ್ಸು ಹತ್ತಿದಳು. ರಾಯಚೂರಿನ ಕೆಲಸ ಬಿಟ್ಟು ಮಾನ್ವಿಯ ಶಾಲೆಯೊಂದಕ್ಕೆ ಸೇರಿದಳು. ಅವನ ಫೋನ್ ಎತ್ತಲಿಲ್ಲ.

ಮೂರು ತಿಂಗಳ ನಂತರ ಮಾನ್ವಿ ಬಸ್ ಸ್ಟ್ಯಾಂಡಿನಲ್ಲಿ ಅವನು ಕಾಯುತ್ತ ನಿಂತಿದ್ದ. ಸೊರಗಿದ್ದ. ಇಬ್ಬರೂ ಬೆಂಚಿನ ಮೇಲೆ ಕುಳಿತರು.

"ಅವ್ವ ಒಪ್ಪಲಿ ಅಂತ ಹಂಗಂದೆ ಮೇಘಾ. ತಪ್ಪಾತು."

"ನಾ ಈಗ ಶುದ್ಧ ಅಂದ್ರ, ನಮ್ಮಪ್ಪ ಏನು ಮೌನೇಶ?"

ಅವನು ನೆಲ ನೋಡುತ್ತ ಹೇಳಿದ, "ಅವ್ವ ಊಟ ಬಿಟ್ಟು ಕುಂತಿದ್ಲು. ಅಕಿ ನೋಡಿದ ಜಾಲಹಳ್ಳಿ ಹುಡುಗಿ ಜೋಡಿ ಲಗ್ನಕ್ಕ ಹೂಂ ಅಂದೀನಿ... ನಿನ್ನ ಬಿಟ್ಟು ಯಾರನ್ನೂ ಪ್ರೀತಿ ಮಾಡಾಕ ಆಗಂಗಿಲ್ಲ ನನಗ. ಆದ್ರ ಅವ್ವನ್ನ ಎದುರಿಸೋ ಧೈರ್ಯಾನೂ ಇಲ್ಲ."

ಇಷ್ಟಕ್ಕೇ ಬಂದನೇ ಇವನು? ಎದ್ದು ಹೋಗಬೇಕೆನಿಸಿತು. ಆದರೂ ಕುಳಿತೇ ಇದ್ದಳು.

"ನನಗೂ ಪ್ರೀತಿ ಹೋಗಿಲ್ಲ," ಎಂದಳು ಮೆಲ್ಲಗೆ. "ಹೋಗಿದ್ರ ಛಲೋ ಇತ್ತು. ಉಂಡಿಯೇನು?"

"ಇಲ್ಲ."

ಅವಳು ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಪುಂಡಿ ಸೊಪ್ಪಿನ ಪಲ್ಯ.

"ಅಪ್ಪ ಹೊಲದಿಂದ ಪುಂಡಿ ತರತಾನ. ನನಗಂತನ ಬ್ಯಾರೆ ಮಾಡಸ್ತಾನ ಈಗ."

ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡರು. ದೇವದುರ್ಗದ ಬಸ್ಸು ಬಂದು ನಿಂತಿತು.

"ಇನ್ನೊಂದು ತುತ್ತು," ಎಂದ ಅವನು.

"ಉಣ್ಣು," ಎಂದಳು ಮೇಘಾ. "ಬಸ್ಸು ಹೊರಡಾಕ ಇನ್ನಾ ಐದು ನಿಮಿಷ ಅದ."