ಬೀಗಗಳ ಕೋಣೆಯ ಲೈಟ್

"ನನ್ನ ಹಿಂದೆ ಹಿಂದೆ ಯಾಕೆ ಬರ್ತೀರಿ? ನಾನು ಎಂತ ಕದ್ದಿದ್ದೇನೆ?"

ರಸೀನಾ ತಿರುಗಿ ನಿಂತು ಕೇಳಿಯೇಬಿಟ್ಟಳು. ಸುಳ್ಯದ ಆ ಪುಟ್ಟ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಜಾಸಿರ್, ಆಗಷ್ಟೇ ಆರಿಸಿದ ಸ್ವಿಚ್ಚಿನ ಮೇಲೆ ಕೈಯಿಟ್ಟವನು ಹಾಗೇ ನಿಂತ.

"ಎಂತ ಇಲ್ಲ..."

ಎಂತ ಇಲ್ಲವಂತೆ! ಹಳೆಯ ಬೀಗಗಳೆಂದರೆ ಅವಳಿಗೆ ಪ್ರಾಣ. ಪ್ರತಿ ಮಂಗಳವಾರ ಕಡಬದಿಂದ ಬಸ್ಸು ಹತ್ತಿ ಬರುತ್ತಾಳೆ. ಅವಳು ಬೀಗಗಳ ಕೋಣೆಗೆ ಕಾಲಿಟ್ಟರೆ ಸಾಕು, ಇವನು ಬಂದು ಲೈಟ್ ಆರಿಸುತ್ತಾನೆ. ಅಂಗಡಿಯವರು ಲೈಟ್ ಆರಿಸುವುದು ಗಿರಾಕಿ ಹೊರಡಲಿ ಎಂದು. ಅಷ್ಟು ಅವಳಿಗೂ ಗೊತ್ತು.

ರಸೀನಾಳಿಗೆ ಆಟಿಸಂ ಇದೆ. ಜನ ಬಾಯಿಬಿಟ್ಟು ಹೇಳದ್ದನ್ನು ಇಪ್ಪತ್ತಾರು ವರ್ಷ ಊಹಿಸಿ ಊಹಿಸಿ ಸುಸ್ತಾಗಿದ್ದಳು. ಈಗ ಎಲ್ಲರ ಮೇಲೂ ಅನುಮಾನ. ಇವನ ಮೇಲೆ ಸ್ವಲ್ಪ ಹೆಚ್ಚು, ಯಾಕೆಂದರೆ ಇವನು ಅವಳಿಗೆ ಇಷ್ಟವಾಗಿದ್ದ.

ಬ್ಯಾಗಿನಲ್ಲಿ ಅರ್ಜಿಯಿತ್ತು, ಇಲ್ಲಿನ ವಸ್ತುಗಳ ವಿವರ ಬರೆಯುವ ಕೆಲಸಕ್ಕೆ. ಇವತ್ತೇ ಕೊನೆಯ ದಿನ. 'ಬೇಡದವಳಿಗೆ ಕೆಲಸ ಯಾರು ಕೊಡುತ್ತಾರೆ...?'

"ನಾನು ಹೋಗ್ಬೇಕಾದ್ರೆ ಬಾಯಿಬಿಟ್ಟು ಹೇಳಿ. ಲೈಟ್ ಆರಿಸಿ ಹೇಳುದು ಬೇಡ."

ಜಾಸಿರ್‌ನ ಮುಖ ಪೆಚ್ಚಾಯಿತು. ಅವನು ಸ್ವಿಚ್ ಹಾಕಿದ.

ಗುಂಯ್... ಟ್ಯೂಬ್‌ಲೈಟಿನ ಸದ್ದು ಅವಳ ಹಲ್ಲಿನವರೆಗೆ ಇಳಿಯಿತು. ಕೈಗಳು ತಾವಾಗಿ ಕಿವಿಗೆ ಹೋದವು. ಅವನು ಕೂಡಲೇ ಆರಿಸಿದ. ಸದ್ದು ನಿಂತಿತು; ಬೀಗ ನೋಡಲು ಕಿಟಕಿಯ ಬೆಳಕೇ ಸಾಕಿತ್ತು.

"ಮೊದಲ ದಿನ ನೀವು ಹೀಗೇ ಕಿವಿ ಮುಚ್ಚಿ ಓಡಿದ್ರಿ. ಬೀಗ ನೋಡ್ಲೇ ಇಲ್ಲ. ಅದಕ್ಕೇ ಆರಿಸುದು."

"ಪಾಪ ಅಂತ ಮಾಡಿದ್ದಾ?"

"ಅಲ್ಲ."

"ಮತ್ತೆ?"

ಅವನು ಕಿಟಕಿಯ ಕಡೆ ನೋಡಿದ. "ನೀವು ಇನ್ನೂ ಸ್ವಲ್ಪ ಹೊತ್ತು ಇರ್ಬೇಕು ಅಂತ..."

'ಹೋಗು' ಎಂದು ತಿಳಿದದ್ದೆಲ್ಲ 'ಇರು' ಎಂದಾಗಿತ್ತು. ಇಷ್ಟು ವಾರ ಸುಮ್ಮನೆ ನೊಂದಳಲ್ಲ! ಸಿಟ್ಟೂ ಬಂತು, ಅಳುವೂ ಬಂತು.

"ಲೈಟ್ ಬೇಕಾ ಬೇಡ್ವಾ ಅಂತ ಕೇಳ್ಬಹುದಿತ್ತು."

"ಕೇಳ್ಬೇಕಿತ್ತು. ತಪ್ಪು ನಂದೇ."

"ಬೇಕಾದ್ರೆ ಲೈಟ್ ಆರಿಸ್ತೇವೆ ಅಂತ ಬಾಗಿಲಲ್ಲಿ ಬರೆದು ಹಾಕಿ. ನನ್ನ ಹಾಗಿನವರು ಬೇರೆಯೂ ಬರ್ತಾರೆ."

"ನೀವೇ ಬರೀರಿ. ನಂಗೆ ಅದೆಲ್ಲ ಗೊತ್ತಾಗುದಿಲ್ಲ."

ರಸೀನಾ ಅರ್ಜಿ ತೆಗೆದು ಅವನ ಕೈಗಿಟ್ಟಳು.

"ಮ್ಯೂಸಿಯಂ ಕಮಿಟಿಯವರು ಕೆಲಸ ಕೊಡದಿದ್ರೆ?" ಅವಳಿಗೆ ಮತ್ತೆ ಅನುಮಾನ.

"ಮಂಗಳವಾರ ಉಂಟಲ್ಲ. ನಾನೂ ಇದ್ದೇನೆ."

"ಅಂದ್ರೆ ಎಂತ? ಸರಿಯಾಗಿ ಹೇಳಿ."

ಜಾಸಿರ್ ಉಸಿರೆಳೆದುಕೊಂಡ. ಈ ಹುಡುಗಿಯ ಹತ್ತಿರ ಅರ್ಧ ಮಾತು ನಡೆಯುವುದಿಲ್ಲ.

"ನಂಗೆ ನೀವು ಇಷ್ಟ, ರಸೀನಾ."

ಅವಳು ಬೀಗಗಳನ್ನೇ ನೋಡುತ್ತ ನಕ್ಕಳು.

"ಈಗ ಅರ್ಥ ಆಯ್ತು. ನಂಗೂ."