ಕೇಳದೆ ತಿಳಿದುಕೊಂಡವನು

ಶಿಕ್ಷಕರ ತರಬೇತಿಗೆಂದು ಸಾಗರಕ್ಕೆ ಬಂದು ಮನಃಶಾಸ್ತ್ರ ಓದತೊಡಗಿದ ಮೇಲೆ ಜಟ್ಟಪ್ಪನಿಗೆ ಎಲ್ಲರ ಮನಸ್ಸೂ ಕಾಣತೊಡಗಿತ್ತು. ಯಾರಾದರೂ ತಲೆ ಕೆರೆದುಕೊಂಡರೆ ಅದಕ್ಕೊಂದು ಅರ್ಥ, ಸೆರಗು ಸರಿಮಾಡಿಕೊಂಡರೆ ಇನ್ನೊಂದು. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತ ಹೊಸತರ ಕಾಲ ಅದು. ಹೊಸನಗರದ ಗೇಣಿ ರೈತನ ಮಗ, ಮನೆಯಲ್ಲಿ ಇಷ್ಟು ಓದಿದವನು ಅವನೊಬ್ಬನೇ. ಹೊಸ ವಿದ್ಯೆ ತಲೆಗೆ ಸ್ವಲ್ಪ ಬೇಗನೇ ಏರಿತ್ತು.

ಆ ವಿದ್ಯೆ ಅವನಿಗೆ ತೋರಿಸಿದ ದೊಡ್ಡ ಸಂಗತಿಯೆಂದರೆ, ವೆಂಕಮ್ಮ ಗಣೇಶಮೂರ್ತಿಯನ್ನು ಪ್ರೀತಿಸುತ್ತಾಳೆ ಎಂಬುದು.

ವೆಂಕಮ್ಮ ತೀರ್ಥಹಳ್ಳಿ ಕಡೆಯವಳು, ಅವನದೇ ಕ್ಲಾಸು. ಸಂಜೆ ಗಣಪತಿ ಕೆರೆಯ ದಾರಿಯಲ್ಲಿ ಗೆಳತಿಯರನ್ನು ಮುಂದೆ ಬಿಟ್ಟು, ಅವನು ಬಂದು ಸೇರುವಷ್ಟು ಹೆಜ್ಜೆ ನಿಧಾನ ಮಾಡುತ್ತಿದ್ದಳು. ಕೆಳತುಟಿ ಕಚ್ಚಿ ನಗು ತಡೆಯುವುದು ಅವಳ ಅಭ್ಯಾಸ. ತಡೆದ ನಗು ಕಣ್ಣಿಗೆ ಏರುತ್ತಿತ್ತು. ಆ ಕಣ್ಣು ಕಂಡ ದಿನ ಜಟ್ಟಪ್ಪನಿಗೆ ಹಾಸ್ಟೆಲಿನ ನೀರುಸಾರೂ ರುಚಿಸುತ್ತಿತ್ತು.

ಈಗ ಅದೇ ಕಣ್ಣು ಗಣೇಶಮೂರ್ತಿಯ ಎದುರು ಕೆಳಗಾಗಿತ್ತು. ಟೆರಿಲಿನ್ ಅಂಗಿಯ ಗಣೇಶಮೂರ್ತಿಯೂ ಅದೇ ಕ್ಲಾಸಿನವನು, ತೀರ್ಥಹಳ್ಳಿಯವನೇ. ಲೈಬ್ರರಿ ಬಾಗಿಲಲ್ಲಿ ಅವನು ತಗ್ಗಿದ ದನಿಯಲ್ಲಿ ಏನೋ ಹೇಳುತ್ತಿದ್ದ, ಅವಳ ಮುಖ ಕೆಂಪೇರಿತ್ತು. ಜಟ್ಟಪ್ಪ ಬಂದದ್ದೇ ಇಬ್ಬರೂ ಸುಮ್ಮನಾದರು. ಇನ್ನೇನು ಬೇಕು?

ಅಂದಿನಿಂದ ಅವನು ಬೇರೆ ದಾರಿ ಹಿಡಿದು ಹಾಸ್ಟೆಲಿಗೆ ಹೋಗತೊಡಗಿದ. ಆ ಟೆರಿಲಿನ್ ಅಂಗಿ ಹಾಸ್ಟೆಲಿನ ತಂತಿಯ ಮೇಲೆ ಸುಮ್ಮನೆ ಒಣಗುತ್ತಿದ್ದರೂ ಅವನ ಮೈ ಉರಿಯುತ್ತಿತ್ತು.

ಒಂದು ದಿನ ಮನಃಶಾಸ್ತ್ರದ ಮುಕುಂದಯ್ಯ ಮೇಷ್ಟ್ರು ಪಾಠ ಮಾಡುತ್ತಿರುವಾಗ ಜವಾನ ಪುಟ್ಟಪ್ಪ ದಡದಡ ಒಳಗೆ ಬಂದು, ಅವರ ಕಿವಿಯಲ್ಲಿ ಏನೋ ಹೇಳಿ ಹೊರಟುಹೋದ. ಮೇಷ್ಟ್ರು ಪುಸ್ತಕ ಮುಚ್ಚಿದರು.

"ಈಗ ಏನಾಯ್ತು? ಜಟ್ಟಪ್ಪ ಹೇಳಿ."

"ಪುಟ್ಟಪ್ಪ ಸಿಟ್ಟಲ್ಲಿ ಬಂದ ಸಾರ್. ಆಫೀಸಲ್ಲಿ ಯಾರೋ ಬೈದಿರ್ಬೇಕು. ನಿಮ್ಮ ಹತ್ರ ದೂರು ಹೇಳಿ ಹೋದ."

"ವೆಂಕಮ್ಮ?"

"ಬೇಗಬೇಗ ಬಂದ ಸಾರ್. ನಿಮ್ಮ ಕಿವೀಲಿ ಏನೋ ಹೇಳ್ದ. ಎಂತದು ಅಂತ ನಂಗೆ ಕೇಳ್ಸಲಿಲ್ಲ."

"ಕಾಫಿ ಆರ್ತಾ ಇದೆ ಅಂತ ಬಂದು ಹೇಳು ಅಂತ ನಾನೇ ಹೇಳಿಟ್ಟಿದ್ದೆ," ಎಂದರು ಮೇಷ್ಟ್ರು. ಕ್ಲಾಸೆಲ್ಲ ನಕ್ಕಿತು. "ಜಟ್ಟಪ್ಪ, ಅವನು ಬಂದಿದ್ದನ್ನ ನೀವು ಕಂಡ್ರಿ. ಸಿಟ್ಟನ್ನ ನೀವೇ ಸೇರ್ಸಿದ್ರಿ. ಬೇರೆಯವರ ಮನಸ್ಸು ಓದೋದಲ್ಲ ಈ ಶಾಸ್ತ್ರ. ನಮ್ಮ ಮನಸ್ಸು ಏನೇನು ಸೇರ್ಸುತ್ತೆ ಅಂತ ಮೊದ್ಲು ನೋಡ್ಕೊಬೇಕು. ಏನನ್ನಾದ್ರೂ ನಂಬೋ ಮುಂಚೆ, ಇದು ಸುಳ್ಳಾಗಿದ್ರೂ ನಂಗೆ ಹೀಗೇ ಕಾಣ್ತಿತ್ತೇನೋ ಅಂತ ಕೇಳ್ಕೊಳಿ."

ಗಣೇಶಮೂರ್ತಿ ನಕ್ಕದ್ದು ಜಟ್ಟಪ್ಪನಿಗೆ ಕಂಡಿತು. ವೆಂಕಮ್ಮ ನಗದೇ ಇದ್ದದ್ದು ಕಾಣಲಿಲ್ಲ.

ಮೇಷ್ಟ್ರ ಮಾತು ಮಾತ್ರ ಅವನನ್ನು ಬಿಡಲಿಲ್ಲ. ಮುಖ ಸಿಟ್ಟಿಗೂ ಕೆಂಪೇರುತ್ತದೆ, ಸಂಕೋಚಕ್ಕೂ ಕೆಂಪೇರುತ್ತದೆ. ಇದು ಗೊತ್ತಾದರೂ ಹೊಟ್ಟೆಯ ಉರಿ ಆರಲಿಲ್ಲ. ಹೋಗಿ ಕೇಳಿಬಿಡಬಹುದಿತ್ತು. ಅವಳು ಹೌದು ಎಂದುಬಿಟ್ಟರೆ ಎಂಬ ಹೆದರಿಕೆ.

ದಸರಾ ರಜೆಗೆ ಎಲ್ಲರೂ ಊರಿಗೆ ಹೊರಟರು. ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಬಸ್ಸಿಗೆ ಮೂವರೂ ಕಾಯುತ್ತಿದ್ದರು. ಗಣೇಶಮೂರ್ತಿ ಎದುರಿನ ಅಂಗಡಿಯಲ್ಲಿ ಬಾಳೆಹಣ್ಣು ಕೊಳ್ಳುತ್ತಿದ್ದಾಗ ವೆಂಕಮ್ಮ ನೆಟ್ಟಗೆ ಜಟ್ಟಪ್ಪನ ಬಳಿಗೆ ಬಂದಳು.

"ಜಟ್ಟಪ್ಪನೋರೆ, ನನ್ನ ಮೇಲೆ ಸಿಟ್ಟಾ?"

"ನಂಗ್ಯಾಕೆ ಸಿಟ್ಟು? ಮದುವೆಗೆ ಕರೀರಿ, ಬರ್ತೀನಿ."

"ಯಾರ ಮದುವೆ?"

ಅವನು ಅಂಗಡಿಯ ಕಡೆ ನೋಡಿದ. ಅವಳೂ ನೋಡಿದಳು.

"ನೀವು ದಾರಿ ಬದಲಾಯ್ಸಿದ್ದು ನಂಗೆ ಕಾಣ್ತು. ನಾನು ಬೇಡ ಆದ್ನೇನೋ ಅನ್ನಿಸ್ತು. ಅದು ನಾನೇ ಸೇರ್ಸ್ಕೊಂಡಿದ್ದೂ ಇರ್ಬೋದು ಅಂತ ಕೇಳೋಕೆ ಬಂದೆ. ನೀವು ನನ್ನ ಒಂದು ಮಾತಾದ್ರೂ ಕೇಳಿದ್ರಾ?"

ಕೊಂಕು ಮಾತುಗಳನ್ನು ಎಷ್ಟೋ ದಿನದಿಂದ ಸಿದ್ಧಮಾಡಿಟ್ಟುಕೊಂಡಿದ್ದ. ಅವನ್ನೆಲ್ಲ ಬಿಟ್ಟು ನೇರವಾಗಿ ಕೇಳಿದ.

"ಲೈಬ್ರರಿ ಹತ್ರ ಅವರು ನಿಮಗೆ ಏನು ಹೇಳಿದ್ರು?"

"ಮದುವೆ ಆಗ್ತೀರಾ ಅಂತ ಕೇಳಿದ್ರು."

ಎದೆಯಲ್ಲಿ ಏನೋ ಕಿತ್ತುಬಂದಂತಾಯಿತು. ಊಹಿಸಿದ್ದು ನಿಜವಾಯಿತಲ್ಲ ಎಂಬ ಕಹಿಯಾದ ಗೆಲುವೂ ಅದರ ಜೊತೆಗಿತ್ತು. ಚೀಲ ಎತ್ತಿಕೊಂಡು ತಿರುಗಿದವನು ಅಲ್ಲೇ ನಿಂತ. ಗಣೇಶಮೂರ್ತಿ ಕೇಳಿದ್ದು ಗೊತ್ತಾಯಿತು, ಅವಳು ಹೇಳಿದ್ದು?

"ನೀವು ಎಂತ ಅಂದ್ರಿ?"

"ಆಗಲ್ಲ ಅಂದೆ. ನನ್ನ ಮನಸ್ಸು ಬೇರೆ ಕಡೆ ಇದೆ ಅಂದೆ." ಅವಳ ಮುಖ ಕಿವಿಯವರೆಗೂ ಕೆಂಪಾಯಿತು. "ಅಷ್ಟೊತ್ತಿಗೆ ಆ ಬೇರೆ ಕಡೆಯೋರೇ ಎದುರಿಗೆ ಬಂದ್ಬಿಟ್ರು. ಸುಮ್ಮನಾಗದೆ ಎಂತ ಮಾಡ್ಲಿ?"

ಜಟ್ಟಪ್ಪನಿಗೆ ಬಸ್‌ಸ್ಟ್ಯಾಂಡಿನ ಗಲಾಟೆಯೆಲ್ಲ ಎಲ್ಲೋ ದೂರ ಹೋದ ಹಾಗಾಯಿತು.

"ನಂಗೆ ಹೊಟ್ಟೆಕಿಚ್ಚು ಹತ್ಕೊಂಡಿತ್ತು ವೆಂಕಮ್ಮ. ಆ ಅಂಗಿ ಕಂಡ್ರೂ ಆಗ್ತಿರಲಿಲ್ಲ."

"ಅಂಗಿ ಎಂತ ಮಾಡಿತ್ತು ಪಾಪ?" ಕೆಳತುಟಿ ಕಚ್ಚಿದರೂ ನಗು ನಿಲ್ಲಲಿಲ್ಲ.

"ನನ್ನ ಮದುವೆ ಆಗ್ತೀರಾ?"

"ನಂಗೆ ಒಪ್ಪಿಗೆ. ಅಪ್ಪಯ್ಯನ್ನ ಕೇಳೋದು ನಿಮ್ಮ ಕೆಲಸ."

ಬಸ್ಸು ಬಂತು. ವೆಂಕಮ್ಮ ಮುಂದಿನ ಹೆಂಗಸರ ಸೀಟಿನಲ್ಲಿ ಕೂತಳು. ಗಣೇಶಮೂರ್ತಿ ಒಂದು ಕ್ಷಣ ಇಬ್ಬರನ್ನೂ ನೋಡಿದ. ಆಮೇಲೆ ಸರಿದು ಕೂತು ಜಟ್ಟಪ್ಪನಿಗೆ ಜಾಗ ಮಾಡಿಕೊಟ್ಟ. ಅವನ ಮನಸ್ಸಿನಲ್ಲಿ ಏನಿತ್ತೋ, ಜಟ್ಟಪ್ಪ ಊಹಿಸಲು ಹೋಗಲಿಲ್ಲ. ಆದರೂ ಹೊಸನಗರದಲ್ಲಿ ತಾನಿಳಿದ ಮೇಲೆ ಇವರಿಬ್ಬರೂ ಇದೇ ಬಸ್ಸಿನಲ್ಲಿ ಮುಂದೆ ಹೋಗುತ್ತಾರೆಂದು ನೆನೆದಾಗ ಒಳಗೆ ಸಣ್ಣಗೆ ಚುರ್ರೆಂದಿತು.

ಗುರುತಿದ್ದ ಕಂಡಕ್ಟರ್ ಕೇಳದೆಯೇ ಹೊಸನಗರದ ಟಿಕೆಟ್ ಹರಿಯಲು ಹೊರಟ.

"ಅದಲ್ಲ ಮಾರಾಯ, ತೀರ್ಥಹಳ್ಳಿಗೆ ಕೊಡು," ಎಂದ ಜಟ್ಟಪ್ಪ, ಮುಂದಿನ ಸೀಟಿಗೂ ಕೇಳಿಸುವಷ್ಟು ಗಟ್ಟಿಯಾಗಿ.